ಕಿಟಕಿಯಲ್ಲಿ ಇಲ್ಲದ ಹೆಸರು

ಜಲಜಾಕ್ಷಿಯ ತೋರುಬೆರಳಿನ ಉಗುರಿನ ಸಂದಿಯಲ್ಲಿ ಚಿನ್ನದ ಬಣ್ಣ ಕೂತಿತ್ತು. ರಮಿತಾ ತೆಂಗಿನೆಣ್ಣೆ ಹಚ್ಚಿ ಉಜ್ಜಿದಳು, ಮತ್ತೆ ಉಜ್ಜಿದಳು. ಅದು ಬಿಡಲಿಲ್ಲ.

"ದೊಡ್ಡಮ್ಮ, ರೆಹನೇ ದೋ ನಾ, ಇರ್ಲಿ ಬಿಡಿ," ಅಂದಳು ಸತ್ತವಳ ಮಗಳು ಪ್ರಣೀತಾ. "ಅಮ್ಮನ ಕೈ ಯಾವಾಗ್ಲೂ ಹಾಗೇ ಇತ್ತಲ್ಲ."

ರಮಿತಾ ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. ಚಿನ್ನದ ಬಣ್ಣದ ಮೊದಲ ಸೀಸೆ ತಂದುಕೊಟ್ಟವಳು ಅವಳೇ. ಡೊಂಬಿವಲಿ ಈಸ್ಟಿನ ಗಾಜಿನ ಚಿತ್ರದ ಕ್ಲಾಸಿಗೆ ಮೊದಲು ಸೇರಿದವಳೂ ಅವಳೇ. ಮಧ್ಯಾಹ್ನವೆಲ್ಲ ಸುಮ್ಮನೆ ಕೂರುವ ಓರಗಿತ್ತಿ, ಪಾಪ, ಅಂತ ಜೊತೆಗೆ ಕರೆದುಕೊಂಡು ಹೋಗಿದ್ದಳು.

ಹೊರಗೆ ಚಾಪೆಯ ಮೇಲೆ ನೆರೆಮನೆಯ ಬಾಗಿ ಅಕ್ಕ ಮಾತಾಡುತ್ತಲೇ ಇದ್ದರು. "ಎಂಥ ಕೈ ಮಾರಾಯ್ತಿ ಜಲಜಂದು. ನೀನೂ ಕಲಿತಿದ್ದೆ ಅಲ್ವಾ ರಮಿತಾ?"

"ಬಿಟ್ಟೆ. ಮನೆಕೆಲಸವೇ ಸಾಕಾಗ್ತದೆ."

"ಹೌದು ಬಿಡು. ಒಬ್ಬರಿಗೆ ಬರ್ತದೆ, ಒಬ್ಬರಿಗೆ ಬರುವುದಿಲ್ಲ. ಎಂತ ಮಾಡ್ಲಿಕ್ಕಾಗ್ತದೆ?"

ಆಗ ಬಾಗಿಲಲ್ಲಿ ಬಿಳಿ ನಿಲುವಂಗಿಯ ಫಾದರ್ ಕಾಣಿಸಿಕೊಂಡರು. ವಿಠ್ಠಲವಾಡಿ ಸ್ಟೇಷನ್ ಹಿಂದಿನ ಮಲಯಾಳಿ ಚರ್ಚಿನವರು. ರಮಿತಾ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಗೋಡೆಯತ್ತ ಸರಿದಳು.

*

ಮೂರು ವರ್ಷದ ಹಿಂದೆ ಅದೇ ಚರ್ಚಿಗೆ ಒಂದು ಕಿಟಕಿ ಬೇಕಾಗಿತ್ತು: ಗಾಜಿನ ಮೇಲೆ ಮಗುವನ್ನೆತ್ತಿಕೊಂಡ ಮಾತೆ. ಕ್ಲಾಸಿನ ಅನಘ ಟೀಚರ್ ಹಳೆಯ ಬೈಜಾಂಟಿಯಂ ಐಕಾನಿನ, ಅಂದರೆ ಚಿನ್ನದ ಹಿನ್ನೆಲೆಯ ಮೇಲೆ ಬರೆದ ಕ್ರೈಸ್ತ ಪೂಜಾಚಿತ್ರದ, ಪಟವೊಂದನ್ನು ಮೇಜಿನ ಮೇಲಿಟ್ಟಿದ್ದರು.

"ಇದರಲ್ಲಿ ನೆರಳೇ ಇಲ್ಲ, ನೋಡಿ. ಬೆಳಕು ಹಿಂದಿನ ಚಿನ್ನದಿಂದ ಬರುತ್ತದೆ. ಕಿಟಕಿಯ ಗಾಜಿನಲ್ಲಿ ಆ ಕೆಲಸ ಬಿಸಿಲು ಮಾಡುತ್ತದೆ. ಎದುರು ನೋಡುವ ಮುಖ, ದೊಡ್ಡ ಕಣ್ಣು, ದಪ್ಪ ಕಪ್ಪು ಗೆರೆ. ಐಕಾನು, ಕಿಟಕಿ ಎರಡೂ ಒಂದೇ ಮನೆತನದವು."

ಓರಗಿತ್ತಿಯರಿಬ್ಬರೂ ಒಂದೊಂದು ಮುಖ ಬರೆದರು. ರಮಿತಾ ಕೆನ್ನೆಗೆ ನೆರಳು ಕೊಟ್ಟು, ತುಟಿಯಲ್ಲಿ ನಗು ತಂದಿದ್ದಳು. "ಚಂದ ಇದೆ. ಆದರೆ ಕ್ಯಾಲೆಂಡರಿನ ಚಿತ್ರ," ಅಂದರು ಟೀಚರ್. ಜಲಜಾಕ್ಷಿ ಬರೆದ ಮುಖ ಎಲ್ಲಿ ನಿಂತರೂ ನೋಡುತ್ತಿತ್ತು. ಕಿಟಕಿ ಅವಳಿಗೆ ಹೋಯಿತು; ರಮಿತಾಳ ಪಾಲಿಗೆ ಅಂಚಿನ ಬಳ್ಳಿ.

ಕೆಲಸ ಮುಗಿದ ದಿನ ಗಾಜಿನ ಮೂಲೆಯಲ್ಲಿ ಕಡಲೆಯಷ್ಟು ಅಕ್ಷರಗಳಿದ್ದವು: ಜಲಜಾಕ್ಷಿ, ಡೊಂಬಿವಲಿ. ಜಲಜಾಕ್ಷಿ ಚಹಾ ಮಾಡಲು ಒಳಗೆ ಹೋದಳು. ಗೆರೆ ತಿದ್ದುವ ಬ್ಲೇಡು ರಮಿತಾಳ ಕೈಗೆಟುಕುವಲ್ಲೇ ಇತ್ತು. ಚಹಾ ಬರುವಷ್ಟರಲ್ಲಿ ಮೂಲೆ ಬರಿದಾಗಿತ್ತು. ಕೇಳಿದರೆ ಹೇಳಲು ರಮಿತಾ ಒಂದು ಮಾತು ಸಿದ್ಧಮಾಡಿಕೊಂಡಿದ್ದಳು: ಹಳೆಯ ಐಕಾನುಗಳಿಗೆ ಹೆಸರು ಹಾಕುತ್ತಿರಲಿಲ್ಲ. ಜಲಜಾಕ್ಷಿ ಕೇಳಲೇ ಇಲ್ಲ.

*

"ಪ್ರೇಮನಾಥ್‌ಜೀ," ಫಾದರ್ ತಗ್ಗಿದ ದನಿಯಲ್ಲಿ ಜಲಜಾಕ್ಷಿಯ ಗಂಡನಿಗೆ ಹೇಳಿದರು, "ಕಿಟಕಿಯ ಕೆಳಗೆ ಅವರ ಹೆಸರು ಬರೆಸಬೇಕೆಂದು ನಮ್ಮವರ ಆಸೆ. ಆಪ್ ಬೋಲಿಯೇ, ನೀವು ಹೇಳಿ."

ಪ್ರೇಮನಾಥ ಟವೆಲಿನಿಂದ ಮುಖ ಒರೆಸಿಕೊಂಡ. "ಮೊದಲು ಬರೆದಿದ್ಳು ಫಾದರ್. ಆಮೇಲೆ ನೋಡಿದ್ರೆ ಇಲ್ಲ. ಪುನಃ ಬರಿ ಅಂದೆ. 'ಇಂಥ ಚಿತ್ರಕ್ಕೆ ಹೆಸರು ಹಾಕ್ಲಿಕ್ಕಿಲ್ಲ, ರಮಿತಕ್ಕ ಹೇಳಿದ್ದಾರೆ, ನಾನೇ ಅಳಿಸಿದೆ' ಅಂದಳು."

ರಮಿತಾ ಆ ಮಾತನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಹಾಗಾದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಕೇಳದೆಯೇ, ಅಕ್ಕನ ಮಾನ ಉಳಿಸಿದ್ದಳು. ಇದರಲ್ಲೂ ಅವಳೇ ಮುಂದೆ.

"ಎಷ್ಟು ದೊಡ್ಡ ಮನಸ್ಸು," ಅಂದರು ಬಾಗಿ ಅಕ್ಕ.

"ಅತ್ತಿಗೆ, ನೀವೇ ಹೇಳಿ," ಪ್ರೇಮನಾಥ ರಮಿತಾಳತ್ತ ತಿರುಗಿದ. "ನಿಮ್ಮಿಂದಲೇ ಅವಳು ಕಲಿತದ್ದು. ಬರೆಸುವುದಾ?"

ಎಲ್ಲರೂ ಅವಳನ್ನೇ ನೋಡಿದರು. ನಿಜ ನಾಲಗೆಯ ತುದಿಗೆ ಬಂದಿತ್ತು.

"ಬೇಡ," ಅಂದಳು ರಮಿತಾ. "ಅವಳಿಗೆ ಇಷ್ಟ ಇರಲಿಲ್ಲ."

ಫಾದರ್ ಅವಳಿಗೆ ಕೈಮುಗಿದರು.

ಸತ್ತವಳ ಬಾಯಿಗೆ ಕೊನೆಯ ನೀರು ಬಿಡುವ ಹೊತ್ತಾಯಿತು. ಸರದಿ ಬಂದಾಗ ರಮಿತಾ ತುಳಸಿಯ ಎಲೆಯಿಂದ ನೀರು ಬಿಟ್ಟಳು. ಅದು ಬಿಗಿದ ತುಟಿಗಳ ಒಳಗೆ ಇಳಿಯದೆ ಕೆನ್ನೆಯ ಮೇಲೆ ಹರಿಯಿತು. ಯಾರಿಗೂ ಹೇಳುವುದಿಲ್ಲ, ಎಂದೂ ಹೇಳುವುದಿಲ್ಲ ಎಂದು ಗಟ್ಟಿಮಾಡಿಕೊಂಡು, ಅವಳು ಆ ಒದ್ದೆಯನ್ನು ಸೆರಗಿನಿಂದ ಒರೆಸಿದಳು.