ಒಂದು ಚೀಲ ಅಕ್ಕಿಯ ಹರಾಜು

ಒರಿಸ್ಸಾದ ಕರಾವಳಿಯನ್ನು ಚಂಡಮಾರುತ ಬಡಿದು ಎರಡು ವಾರ ಕಳೆದಿತ್ತು. ೧೯೯೯ರ ನವೆಂಬರ್ ತಿಂಗಳು. ಅರಸೀಕೆರೆಯ ಪರಿಹಾರ ಸಮಿತಿಗೆ ಬಂದು ಬಿದ್ದಿದ್ದುದು ಹಳೆಯ ಬಟ್ಟೆಗಳ ರಾಶಿ. ಸಮಿತಿಯ ಅಧ್ಯಕ್ಷ ಸಂಪತ್ಕುಮಾರ್ ಅವರು ಬೇಲೂರಿನ ದೇವಸ್ಥಾನದ ಕೈಂಕರ್ಯದ ಮನೆತನದವರು, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಹರಕು ಬಟ್ಟೆ ಕಳಿಸಿ ಊರಿನ ಮಾನ ಕಳೆಯುವುದಿಲ್ಲ, ಹೊಸ ಕಂಬಳಿಗಳೇ ಹೋಗುತ್ತವೆ ಎಂದು ಅವರು ತುಂಬಿದ ಸಭೆಯಲ್ಲಿ ಸಾರಿಬಿಟ್ಟಿದ್ದರು. ಲಾರಿ ಸೋಮವಾರ ಹೊರಡಬೇಕಿತ್ತು. ಅಂಗಡಿಯವನು ಕಂಬಳಿಗಳನ್ನು ಗಂಟು ಕಟ್ಟಿಸಿಟ್ಟಿದ್ದ. ಸಮಿತಿಯ ಹಣ ಅದರ ಅರ್ಧಕ್ಕೂ ಸಾಲುತ್ತಿರಲಿಲ್ಲ.

ಶನಿವಾರ ಅವರು ಸಮಿತಿಯ ಖಜಾಂಚಿ ಉಗ್ರಪ್ಪನವರೊಡನೆ ರೈಲ್ವೆ ಗೇಟಿನ ಆಚೆಯ ಚರ್ಚಿಗೆ ಹೋದರು. ಸಭಾಪಾಲಕರಾದ ಜ್ಞಾನಮಿತ್ರ ಅಯ್ಯನವರು ಎಲ್ಲವನ್ನೂ ಕೇಳಿಸಿಕೊಂಡರು.

“ನಾಳೆ ನಮ್ಮ ಸುಗ್ಗಿ ಹಬ್ಬ, ಸಾರ್. ಸಭೆಯವರು ತಂದ ಪ್ರಥಮ ಫಲಾನೆಲ್ಲ ಹರಾಜು ಹಾಕ್ತೀವಿ. ಆ ದುಡ್ಡು ಚಾವಣಿ ರಿಪೇರಿಗೆ ಅಂತ ಈಗಾಗಲೇ ತೀರ್ಮಾನ ಆಗಿದೆ. ನಾನೊಬ್ಬ ಬದಲಾಯಿಸೋ ಹಾಗಿಲ್ಲ. ನೀವೇ ಬಂದು ಸಭೆಯನ್ನ ಕೇಳಿ.”

ಜೀವಮಾನವೆಲ್ಲ ಅನ್ಯರು ತಮ್ಮಲ್ಲಿಗೆ ಬಂದು ಕೇಳುವುದನ್ನು ಕಂಡಿದ್ದ ಸಂಪತ್ಕುಮಾರ್ ಅವರಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಆದರೂ ಭಾನುವಾರ ಇಸ್ತ್ರಿ ಮಾಡಿದ ಪಂಚೆಯುಟ್ಟು ಹೋದರು.

ಆರಾಧನೆ ಮುಗಿದ ಮೇಲೆ ಜನ ಅಂಗಳದ ಶಾಮಿಯಾನದಡಿ ಸೇರಿದರು. ಉದ್ದನೆಯ ಮೇಜಿನ ಮೇಲೆ ಕುಂಬಳಕಾಯಿ, ಅವರೆಕಾಯಿ, ಕಾಲು ಕಟ್ಟಿದ ಹುಂಜ, ಅರೇಹಳ್ಳಿಯಿಂದ ಬಂದ ಕಾಫಿಬೀಜ, ಒಂದು ತೆಂಗಿನಕಾಯಿ. ಮೇಜಿನ ಪಕ್ಕದಲ್ಲಿ ಒಂದು ಚೀಲ ಅಕ್ಕಿ. ಸಂಪತ್ಕುಮಾರ್ ಎದ್ದು ನಿಂತು ದಾನದ ಮಹತ್ವ, ಸಮುದ್ರದ ರೌದ್ರ, ಮಾನವಕುಲದ ಏಕತೆಗಳನ್ನು ಕುರಿತು ಸುದೀರ್ಘವಾಗಿ ಮಾತನಾಡಿದರು. ಜನ ಮರ್ಯಾದೆಯಿಂದ ಕುಳಿತು ಕೇಳಿದರು. ತಾಯಂದಿರು ಮಕ್ಕಳನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಾಯಿಸಿದರು.

ಸಭೆಯ ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಹರಾಜು ಕೂಗುವವರು ದೇವಪ್ರಸಾದ್, ರೈಲ್ವೆ ಗಾರ್ಡಾಗಿದ್ದವರು. ಅವರು ಬಂದು ಹೇಳಿದರು: “ಚಾವಣಿ ತೊಲೆ ಹುಳ ಹಿಡಿದಿದೆ ಸಾರ್, ಪೂರ್ತಿ ಬಿಟ್ಟುಕೊಡಕ್ಕಾಗಲ್ಲ. ಈ ಪದಾರ್ಥಗಳಲ್ಲಿ ಒಂದನ್ನ ನೀವೇ ಆರಿಸ್ಕೊಳ್ಳಿ. ಅದಕ್ಕೆ ಬಂದದ್ದೆಲ್ಲ ನಿಮ್ಮ ಕಂಬಳಿಗೆ.”

ಸಂಪತ್ಕುಮಾರ್ ಒಮ್ಮೆ ಕಣ್ಣಾಡಿಸಿ, ಅನುಮಾನಕ್ಕೆ ಎಡೆಯಿಲ್ಲದಂತೆ ಅಕ್ಕಿಯ ಚೀಲವನ್ನು ತೋರಿಸಿದರು.

“ಅಯ್ಯಯ್ಯೋ ಮೇಷ್ಟ್ರೇ!” ಎಂದು ಮುಂದಿನ ಕುರ್ಚಿಯಿಂದ ಮುದುಕಿ ಸುಗಂಧಮ್ಮ ಕೂಗಿದರು. “ಅಕ್ಕಿ ರೇಟು ಯಾರಿಗ್ ಗೊತ್ತಿಲ್ಲ? ಅದಕ್ ಮೇಲೆ ಕೂಗೋರು ಯಾರವ್ರೆ?”

“ಆರಿಸಿದ್ದಾಯಿತಮ್ಮ” ಎಂದು ಸಂಪತ್ಕುಮಾರ್ ಕುಳಿತರು.

ಹರಾಜು ಮೊದಲಾಯಿತು. ದೇವಪ್ರಸಾದ್ ತೆಂಗಿನಕಾಯಿಯನ್ನು ಎತ್ತಿ ಹಿಡಿದರು. “ತೆಂಗಿನ ಸೀಮೆ ಅರಸೀಕೆರೆಯಲ್ಲಿ ನಿಂತು ತೆಂಗಿನಕಾಯಿ ಮಾರೋ ಗತಿ ಬಂತು ನನಗೆ! ನನ್ನ ಮಾನ ಉಳಿಸ್ರಪ್ಪಾ!” ಜನ ನಕ್ಕು ಕೂಗತೊಡಗಿದರು. ಕೊಂಡವನೊಬ್ಬ ಹಣ ತೆತ್ತು, “ವಾಪಸ್ ಮೇಜಿಗೆ!” ಎಂದ. ಅದೇ ಕಾಯಿ ಮತ್ತೆ ಹರಾಜಾಯಿತು. ಕೊಂಡವಳು ಮತ್ತೆ ಹಿಂದಿರುಗಿಸಿದಳು. ಅಲ್ಲಿನ ವಾಡಿಕೆಯೇ ಅದು. ಹಗುರಾದ, ಬೆಲೆಯಿಲ್ಲದ ಪದಾರ್ಥವೇ ಮೇಜಿಗೂ ಕೈಗೂ ಓಡಾಡಿ ಎಲ್ಲಕ್ಕಿಂತ ಹೆಚ್ಚು ಗಳಿಸುತ್ತಿತ್ತು.

“ಸಾರ್,” ಎಂದು ಉಗ್ರಪ್ಪ ಪಿಸುಗುಟ್ಟಿದರು, “ಆ ಕಾಯಿ ನಮ್ಮ ಚೀಲದ ರೇಟನ್ನೇ ದಾಟಿ ಹೋಯ್ತು. ಬದಲಾಯಿಸಿ ಕೊಡ್ತಾರಾ ಅಂತ ಕೇಳ್ಲಾ?”

“ಬೇಡ ಕಣ್ರೀ. ನಾಲ್ಕು ಜನದ ಎದುರು ಹೇಳಿದ್ದೀನಿ.”

ಅಕ್ಕಿ ಕೊನೆಗೆ ಬಂದಿತು. ಹೋಟೆಲಿನ ರತ್ನರಾಜ್ ಅಂಗಡಿಯ ದರಕ್ಕೆ ಕೂಗಿದ. ಮುಂದೆ ಯಾರೂ ಬಾಯಿ ತೆರೆಯಲಿಲ್ಲ.

“ಒಂದು ಸಲ... ಎರಡು ಸಲ...”

ಸಂಪತ್ಕುಮಾರ್ ಎದ್ದರು. “ನಾನು ಕೂಗಬಹುದೇ?”

“ಕೇಳೋರೂ ನೀವೇ, ಕೊಳ್ಳೋರೂ ನೀವೇನಾ ಸಾರ್?” ಎಂದರು ದೇವಪ್ರಸಾದ್. ನಗು ಎದ್ದಿತು.

ಅವರು ದುಪ್ಪಟ್ಟು ಬೆಲೆ ಕೂಗಿ, ಆ ತಿಂಗಳ ಪಿಂಚಣಿಯಲ್ಲಿ ಉಳಿದಿದ್ದುದನ್ನೆಲ್ಲ ಮೇಜಿನ ಮೇಲಿಟ್ಟರು. “ವಾಪಸ್ ಮೇಜಿಗೆ” ಎಂದರು. ಬಳಿಕ ಸಭೆಯತ್ತ ತಿರುಗಿದರು. “ನಾನು ಆರಿಸಿದ್ದು ತಪ್ಪಾಯ್ತು. ಕಂಬಳಿಗೆ ದುಡ್ಡು ಸಾಲದು. ದಯವಿಟ್ಟು ಕೂಗಿ.”

“ಇದನ್ನ ಮೊದ್ಲೇ ಅಂದಿದ್ರೆ ಅರ್ಧ ಗಂಟೆ ಭಾಷಣ ಉಳೀತಿತ್ತಲ್ಲ ಮೇಷ್ಟ್ರೇ!” ಎನ್ನುತ್ತ ಸುಗಂಧಮ್ಮ ಸೆರಗಿನ ಗಂಟು ಬಿಚ್ಚಿದರು. “ಕೂಗಪ್ಪಾ ದೇವಪ್ರಸಾದ, ನಂದೊಂದು.”

ಚೀಲ ಅವರ ಕುರ್ಚಿಯ ಬಳಿಗೆ ಹೋಯಿತು, ಮೇಜಿಗೆ ಮರಳಿತು, ಇನ್ನೊಬ್ಬರ ಬಳಿಗೆ ಹೋಯಿತು. ಹೊರುತ್ತಿದ್ದವರಲ್ಲೊಬ್ಬ ಸೊಂಟ ಹಿಡಿದುಕೊಂಡು, “ಮೇಷ್ಟ್ರೇ, ಮುಂದಿನ ವರ್ಷ ಹುಣಸೇಹಣ್ಣು ಆರಿಸ್ಕೊಳ್ಳಿ” ಎಂದ. ಕೊನೆಗೆ ರತ್ನರಾಜ್ ಅದನ್ನು ಕೊಂಡು, ಮೇಜಿಗೆ ಬೇಡ, ನೇರವಾಗಿ ಲಾರಿಗೆ ಹಾಕಿ ಎಂದ.

ಆದರೂ ಒಂದು ಗಂಟು ಕಂಬಳಿಯ ಹಣ ಕಡಿಮೆ ಬಿದ್ದಿತು. ಸೋಮವಾರ ಬೆಳಿಗ್ಗೆ ಉಳಿದ ಗಂಟುಗಳನ್ನು ಲಾರಿಗೆ ಏರಿಸುತ್ತಿರುವಾಗ ಸಂಪತ್ಕುಮಾರ್ ಅಂಗಡಿಯ ಕಟ್ಟೆ ಹತ್ತಿದರು.

“ಆ ಗಂಟೂ ಬೇಕು.”

“ದುಡ್ಡು, ಸಾರ್?”

“ಇಲ್ಲ. ಅದಕ್ಕೇ ಕೇಳ್ತಿದೀನಿ.”

ಅಂಗಡಿಯವನು ಅವರ ಮುಖವನ್ನೇ ನೋಡುತ್ತ, ಇನ್ನು ಭಾಷಣ ಬರುವುದೆಂದು ಕಾದನು. ಅವರು ಗಂಟಿನ ಪಕ್ಕಕ್ಕೆ ಹೋಗಿ ನಿಂತರು. ಅವನು ಆಳನ್ನು ಕರೆದು ಗಂಟಿನತ್ತ, ಆಮೇಲೆ ಲಾರಿಯತ್ತ ಕೈ ತೋರಿಸಿದನು.