ಹಿಂಡಿನ ಹಿಂದೆ ಹೋದವಳು

೧

ಎಲ್ಲಿಂದ ಶುರು ಮಾಡಲಿ? ಸೂರ್ಯನಿಂದ ಅಂದರೆ ಅವನು ಆಗಲೇ ಕಟ್ಟಡಗಳ ಹಿಂದಕ್ಕೆ ಜಾರಿದ್ದಾನೆ. ಊರಿನಿಂದ ಅಂದರೆ ಅದು ಬೆಳಗ್ಗೆಯೇ ಹಿಂದೆ ಉಳಿಯಿತು. ನನ್ನನ್ನು ಮೊದಲೇ ಓದಿರುವವರಿಗೆ ನನ್ನ ಚಾಳಿ ಗೊತ್ತು, ನಾನು ಹುಲ್ಲಿನಿಂದ ಶುರು ಮಾಡುವವನು. ಮೊದಲು ಹುಲ್ಲು, ಆಮೇಲೆ ಹುಲ್ಲಿನ ಮೇಲಿನ ಇಬ್ಬನಿ, ಮೂರನೆಯ ಪುಟಕ್ಕೆ ಬಂದಾಗ ಒಂದು ಕುರಿ ತಲೆಯೆತ್ತುತ್ತದೆ. ಅಷ್ಟು ಹೊತ್ತಿಗೆ ಓದುಗರ ತಲೆ ಎದೆಯ ಮೇಲೆ ಬಿದ್ದಿರುತ್ತದೆ.

ಈ ಸಲ ಆ ಸೌಲಭ್ಯವಿಲ್ಲ. ಈ ಬಸ್ ನಿಲ್ದಾಣದಲ್ಲಿ ಹುಲ್ಲು ಬೆಳೆದಿರುವುದು ಒಂದೇ ಕಡೆ, ಗಂಡಸರ ಮೂತ್ರಾಲಯದ ಗೋಡೆಯ ಬುಡದಲ್ಲಿ. ಅದರ ಮೇಲೆ ಮೂರು ಪುಟ ಬರೆಯುವಷ್ಟು ತಾಳ್ಮೆ ನನಗೂ ಇಲ್ಲ.

ಕಸದ ಡಬ್ಬಿಯಿಂದ ಶುರು ಮಾಡೋಣ.

೨

ಕಸದ ಡಬ್ಬಿಯ ಮುಂದೆ ಒಬ್ಬ ಹೆಂಗಸು ನಿಂತಿದ್ದಾಳೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಾಯಿ ತೆರೆದ ಚೀಲ. ಚೀಲದೊಳಗೆ ಬಟ್ಟೆಗಳ ಅಡಿಯಲ್ಲಿ ಒಂದು ಕರಿ ಕಂಬಳಿ. ಬುದ್ಧಿ ಬಂದಾಗಿನಿಂದ ಕುರಿ ಕಾದವಳು, ಹಾಗಾಗಿ ಊರಿಗೆಲ್ಲ ಕುರಿಯಕ್ಕ. ಹೋದ ಚಳಿಗಾಲ ಮೊಣಕಾಲು ಕೈಕೊಟ್ಟಿತು. ಕುರಿಗಳನ್ನು ಅಣ್ಣನ ಮಗನಿಗೆ ಒಪ್ಪಿಸಿ ತಮ್ಮನ ಮನೆಗೆ ಹೊರಟಿದ್ದಾಳೆ. ನಾಲ್ಕು ದಿನ ಇದ್ದು ಬರುವುದಕ್ಕಲ್ಲ, ಇರುವುದಕ್ಕೇ. ತಮ್ಮನ ಮನೆ ಈ ನಗರದಿಂದಾಚೆ ಇನ್ನೊಂದು ಪಟ್ಟಣದಲ್ಲಿದೆ, ಇಲ್ಲಿ ಬಸ್ಸು ಬದಲಿಸಬೇಕು.

ತಮ್ಮನ ಹೆಂಡತಿ ಕೆಟ್ಟವಳಲ್ಲ. (ಕೆಟ್ಟವಳಾಗಿದ್ದರೆ ನನ್ನ ಕೆಲಸ ಅರ್ಧ ಮುಗಿಯುತ್ತಿತ್ತು.) ಅಡುಗೆಮನೆಯ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ, ಕಿಟಕಿಗೆ ಹೂವಿನ ಪರದೆ ಕಟ್ಟಿದ್ದಾಳೆ. ಒಂದೇ ಒಂದು ಮಾತು ಹೇಳಿದ್ದಾಳೆ. "ಅಕ್ಕ, ಆ ಕಂಬಳಿ ಒಂದು ತರಬೇಡಿ. ಮನೆ ತುಂಬಾ ವಾಸನೆ ಆಗುತ್ತೆ. ದಾರೀಲಿ ಎಲ್ಲಾದ್ರೂ ಬಿಟ್ಟುಬಿಡಿ."

"ಆಯ್ತಮ್ಮ," ಅಂದಿದ್ದಳು ಕುರಿಯಕ್ಕ. ಆಯ್ತು ಅನ್ನುವುದು ಸುಲಭ. ಅವಳದೇ ಕುರಿಗಳ ಉಣ್ಣೆಯ ಕಂಬಳಿ ಅದು. ಮರಿಗಳು ಅದರ ಮೇಲೆ ಹುಟ್ಟಿವೆ. ಅವಳು ಜ್ವರ ಬಂದು ಮಲಗಿದ್ದೂ ಅದರ ಮೇಲೆಯೇ. ವಾಸನೆಯಂತೂ ಇದೆ, ಸುಳ್ಳೇಕೆ ಹೇಳಲಿ.

೩

ಮೊದಲ ಡ್ರಾಫ್ಟ್: ಅವಳು ಕಂಬಳಿಯನ್ನು ಡಬ್ಬಿಗೆ ಹಾಕಿದಳು. ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು. ನಗರದ ದೀಪಗಳು ಒಂದೊಂದಾಗಿ ಹಿಂದೆ ಸರಿದವು. ಮುಗಿಯಿತು.

"ಯಾರು ಹಾಕಿದ್ದು?" ಅಂದಳು ಕುರಿಯಕ್ಕ.

ನಾನು ಸುಮ್ಮನಿದ್ದೆ. ಪಾತ್ರಗಳು ಮಾತಾಡಿದಾಗ ಸುಮ್ಮನಿದ್ದರೆ ಒಮ್ಮೊಮ್ಮೆ ತಾವೇ ತಣ್ಣಗಾಗುತ್ತವೆ.

"ನಿನ್ನನ್ನೇ ಕೇಳಿದ್ದು. ಕೈ ನಂದು, ಕಂಬಳಿ ನಂದು. ಹಾಕಿದ್ದು ಯಾರು?"

"ಅಕ್ಕ, ಕತೆ ಸಣ್ಣದು. ಏನಾದರೂ ಒಂದು ಆಗಬೇಕಲ್ಲ."

"ಆಗೋದಿದ್ರೆ ಆಗುತ್ತೆ. ನಿನಗೇನು ಹೊಟ್ಟೆನೋವು?"

ಆ ಹಾಳೆ ಹರಿದೆ. ಕಂಬಳಿ ಚೀಲಕ್ಕೆ ಮರಳಿತು.

೩ (ಮತ್ತೆ)

ಆಗಿದ್ದು ಇಷ್ಟು. ಬಸ್ಸು ಬಂದು ನಿಂತಿತ್ತು, ಹೊರಡಲು ಇನ್ನೂ ಹೊತ್ತಿತ್ತು. ಅವಳು ಕಿಟಕಿ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸಿ ಜಾಗ ಹಿಡಿದು ಕೆಳಗಿಳಿದಳು. ಬಿಸಿಲು ಹಳದಿಗೆ ತಿರುಗಿತ್ತು. ಈ ಹೊತ್ತಿಗೆ ಅವಳ ಕಾಲು ಸುಮ್ಮನಿರುವುದಿಲ್ಲ. ಕುರಿ ದೊಡ್ಡಿಗೆ ಸೇರಿಸುವ ಹೊತ್ತು ಅದು. ಅವಳ ಬದುಕಿನಲ್ಲಿ ಬೆಳಗು ಇತ್ತು, ಮಧ್ಯಾಹ್ನ ಇತ್ತು, ಸಂಜೆ ಮಾತ್ರ ಯಾವತ್ತೂ ಕುರಿಗಳದಾಗಿತ್ತು.

ಆಗ ಎದುರಿನ ಕಚೇರಿಗಳ ಬಾಗಿಲು ತೆರೆದವು. ಜನ ಹೊರಬಿದ್ದರು. ಮೊದಲು ತೊರೆಯ ಹಾಗೆ, ಆಮೇಲೆ ರಸ್ತೆ ತುಂಬ. ಎಲ್ಲರ ಮುಖವೂ ಒಂದೇ ದಿಕ್ಕಿಗೆ. ಒಬ್ಬರ ಬೆನ್ನಿಗೆ ಒಬ್ಬರು, ಹೆಗಲಿಗೆ ಹೆಗಲು ತಾಗಿಸಿಕೊಂಡು, ದೂಳೆಬ್ಬಿಸದ ಒಂದು ಮಹಾ ಹಿಂಡು.

ಕುರಿಯಕ್ಕ ಕೋಲು ಸರಿಯಾಗಿ ಹಿಡಿದು ಅವರ ಹಿಂದೆ ನಡೆದಳು.

ಏಕೆ ಅಂತ ನೀವು ಕೇಳುತ್ತೀರಿ. ಕೇಳಬೇಡಿ. ಎಲ್ಲರೂ ಎದ್ದು ಹೊರಟಾಗ ಹಿಂದಿನಿಂದ ನಡೆಯುವುದು ಅವಳ ಮೈಗೆ ಹತ್ತಿದ ಕೆಲಸ. ಸಂಜೆ ಹೊತ್ತು ಹಿಂಡು ಮನೆಗೇ ಹೋಗುತ್ತದೆ, ಮನೆ ಸೇರಿದ ಮೇಲೆ ಕಾಯುವವರಿಗೂ ಪುರುಸೊತ್ತು. ಅಲ್ಲಿಂದ ತಿರುಗಿ ಬಂದರಾಯಿತು ಅಂದುಕೊಂಡಳು. ಕುರಿ ಕಾದವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ನಾನು ಹಿಂದಿನಿಂದ ಕೂಗಿದೆ, "ಅಕ್ಕ, ಬಸ್ಸು."

"ಕರವಸ್ತ್ರ ಹಾಕಿದ್ದೀನಲ್ಲ," ಅಂದಳು.

೫

(ನಾಲ್ಕರಲ್ಲಿ ನಗರದ ವರ್ಣನೆಯಿತ್ತು. ಅಂಗಡಿಗಾಜು, ನಿಯಾನ್ ದೀಪ, ಹೊಗೆ, ಒಂಟಿತನ. ಓದಿ ನನಗೇ ಆಕಳಿಕೆ ಬಂತು. ಬಿಟ್ಟೆ.)

ದೊಡ್ಡ ರಸ್ತೆ ದಾಟುವಲ್ಲಿ ಹಿಂಡು ಗಕ್ಕನೆ ನಿಂತಿತು. ಅಲ್ಲೊಂದು ಕೆಂಪು ದೀಪವಿತ್ತು. ಕುರಿಯಕ್ಕ ದೀಪ ನೋಡಲಿಲ್ಲ, ನಿಂತ ಕಾಲುಗಳನ್ನಷ್ಟೇ ನೋಡಿದಳು. ಮುಂದೆ ಹಳ್ಳ ಬಂದರೆ ಕುರಿಗಳು ಹೀಗೇ ನಿಲ್ಲುತ್ತವೆ. ಒಂದನ್ನು ದಾಟಿಸಿದರೆ ಸಾಕು, ಉಳಿದವು ತಾವಾಗಿ ದಾಟುತ್ತವೆ. ಅವಳು ನಾಲಿಗೆಯಿಂದ 'ಚ್ಕ ಚ್ಕ' ಅಂದು, ತನ್ನ ಮುಂದಿದ್ದವರ ಮೀನಖಂಡಕ್ಕೆ ಕೋಲಿನ ತುದಿಯಿಂದ ಮೆಲ್ಲಗೆ ತಿವಿದಳು.

ಆ ಮನುಷ್ಯ ಬೆಚ್ಚಿ ರಸ್ತೆಗೆ ಕಾಲಿಟ್ಟರು. ಅವರನ್ನು ನೋಡಿ ಪಕ್ಕದವಳು ಇಟ್ಟಳು. ಅವಳನ್ನು ನೋಡಿ ಉಳಿದವರೆಲ್ಲ ಇಟ್ಟರು. ಕಾರುಗಳು ಕಿರ್ರನೆ ನಿಂತವು, ಚಾಲಕರು ಕಿಟಕಿಯಿಂದ ತಲೆ ಹೊರಹಾಕಿ ಇವರೆಲ್ಲರ ಮನೆತನ ವಿಚಾರಿಸಿದರು. ಹಿಂಡು ದಾಟಿತು.

ಆಚೆ ದಡದಲ್ಲಿ ಆ ಮನುಷ್ಯ ತಿರುಗಿದರು. ಸೂಟು ಹಾಕಿದ್ದರು, ಕೈಯಲ್ಲಿ ಹೊಳೆಯುವ ಒಂದು ಜೊತೆ ಶೂ ಇತ್ತು. ಕಾಲಿನಲ್ಲಿ ಬೇರೆ ಶೂ.

"ಏನಮ್ಮಾ, ಕೋಲಲ್ಲಿ ತಿವೀತೀರಾ?"

"ನೀವು ನಿಂತ್ರಲ್ಲ."

"ಕೆಂಪು ದೀಪ ಇತ್ತಮ್ಮಾ. ಸಾಯ್ತಿದ್ವಿ."

"ಸತ್ರಾ?"

ಅವರು ಒಮ್ಮೆ ತಮ್ಮ ಮೈ ತಡವಿ ನೋಡಿಕೊಂಡರು. "ಇಲ್ಲ."

"ಮತ್ತೆ? ನಡೀರಿ ನಡೀರಿ, ಹಿಂದೆ ಜನ ಇದ್ದಾರೆ."

ಅವರಿಗೆ ನಗು ಬಂತು. ಬಾಯಿ ತುಂಬ ಹಲ್ಲು. ಕುರಿಯಕ್ಕ ಅಭ್ಯಾಸಬಲದಿಂದ ಹಲ್ಲು ನೋಡಿ ವಯಸ್ಸು ಅಂದಾಜು ಮಾಡಿದಳು. "ಹಲ್ಲು ನೋಡಿದ್ರೆ ಎಳೇ ಪ್ರಾಯ. ಮುಖಕ್ಕೇನಾಯ್ತು, ಬಿಸಿಲಾ?"

"ನಾನು ಹಲ್ಲಿನ ಡಾಕ್ಟ್ರು," ಅಂದರು ಅವರು. "ಇದು ನಾನೇ ಮಾಡಿಕೊಂಡಿದ್ದು." ಮೇಲಿನ ಸಾಲನ್ನು ಹೆಬ್ಬೆರಳಿನಿಂದ ಸಡಿಲಿಸಿ ತೋರಿಸಿದರು. ಕುರಿಯಕ್ಕ ಬಗ್ಗಿ ನೋಡಿದಳು. ಮಾರುಕಟ್ಟೆಯಲ್ಲಿ ಮೋಸ ಹೋದವರ ಮುಖ ಮಾಡಿದಳು.

"ಅಯ್ಯೋ, ಕೊಂಡುಕೊಂಡಿದ್ರೆ ಕೆಟ್ಟಿದ್ದೆ."

೬

ಹಿಂಡು ಮನೆಗೆ ಹೋಗಲಿಲ್ಲ.

ಇಲ್ಲಿ ನನ್ನ ಹತ್ತಿರ ಮೂರು ದಾರಿಗಳಿದ್ದವು. ಜನ ಮೆರವಣಿಗೆಗೆ ಹೋಗುತ್ತಿದ್ದಾರೆ ಅನ್ನಬಹುದಿತ್ತು, ಆದರೆ ಆಗ ನಾನೊಂದು ಅಭಿಪ್ರಾಯ ಇಟ್ಟುಕೊಳ್ಳಬೇಕಾಗುತ್ತಿತ್ತು. ಬೆಂಕಿ ನೋಡಲು ಹೋಗುತ್ತಿದ್ದಾರೆ ಅಂದರೆ ಯಾರದಾದರೂ ಮನೆ ಸುಡಬೇಕು. ಸೋಮಾರಿತನಕ್ಕೆ ಸರಿಹೊಂದಿದ್ದು ಮೂರನೆಯದು, ಕುಣಿತ. ಸೇತುವೆಯಾಚೆ ಕಲ್ಲು ಹಾಸಿದ ಒಂದು ಚೌಕ, ಮಧ್ಯೆ ತುತ್ತೂರಿ, ಡ್ರಮ್ಮು, ಅಕಾರ್ಡಿಯನ್. ಕಚೇರಿ ಮುಗಿಸಿದವರೆಲ್ಲ ಚೀಲಗಳನ್ನು ಕಾರಂಜಿಯ ಕಟ್ಟೆಗೆ ಒರಗಿಸಿ ಜೋಡಿ ಜೋಡಿಯಾಗಿ ಸುತ್ತುತ್ತಿದ್ದರು.

ಕುರಿಯಕ್ಕನಿಗೆ ಕೋಪವೇ ಬಂತು. "ಇದೇನು ಡಾಕ್ಟ್ರೇ, ಇವರಿಗೆ ಮನೆ ಇಲ್ವಾ?"

"ಇದೆಯಮ್ಮಾ. ಆಮೇಲೆ ಹೋಗ್ತಾರೆ."

"ಸುತ್ತುತಾ ಇದ್ದಾರಲ್ಲ. ಕುರಿ ಹೀಗೆ ಸುತ್ತಿದ್ರೆ ತಲೇಲಿ ಹುಳ ಅಂತ ಅರ್ಥ."

"ಇಲ್ಲೂ ಅದೇ," ಅಂದರು ಡಾಕ್ಟ್ರು, ಶೂ ಬದಲಿಸುತ್ತಾ.

ಮೊಣಕಾಲು ಕೂಗತೊಡಗಿತ್ತು. ಕಲ್ಲು ತಣ್ಣಗಿತ್ತು. ಕುರಿಯಕ್ಕ ಆಚೀಚೆ ನೋಡಿ, ಚೀಲದೊಳಗೆ ಕೈಹಾಕಿ, ಕಂಬಳಿ ಎಳೆದು ಕೊಡವಿದಳು. ಪಕ್ಕದಲ್ಲಿ ಒಬ್ಬರನ್ನೊಬ್ಬರು ಮೂಸುತ್ತಿದ್ದ ಪ್ರೇಮಿಗಳು ಮೂಗು ಸುಕ್ಕಿಸಿದರು. ಹುಡುಗ ಸೀನಿದ. ಹುಡುಗಿ ಅವನ ಮೇಲೆ ಸಂಶಯಪಟ್ಟಳು. ಕುರಿಯಕ್ಕ ಕಂಬಳಿ ಹಾಸಿ ಕೂತು, "ನಂದೇ ವಾಸನೆ, ಜಗಳ ಆಡಬೇಡಿ. ಕೂತ್ಕೊಳ್ಳಿ ಬನ್ನಿ," ಅಂದಳು. ಕಲ್ಲಿನ ಚಳಿ ಯಾರಿಗೂ ಬೇಕಿರಲಿಲ್ಲ. ಇಬ್ಬರೂ ಕೂತರು.

೭

ಫೋನು ಬಂತು. ತಮ್ಮ.

"ಅಕ್ಕ, ಎಲ್ಲಿದ್ದೀಯ?"

"ಬಸ್ಸಲ್ಲಿ."

"ತುತ್ತೂರಿ ಕೇಳಿಸ್ತಿದೆ."

"ಡ್ರೈವರ್‌ಗೆ ಹುಚ್ಚು."

"ಅಕ್ಕ, ಸುಳ್ಳು ಹೇಳೋಕೆ ನಿನಗೆ ಬರಲ್ಲ. ಬಸ್ ಬಿಟ್ಯಾ?"

"ಬಸ್ಸೇ ನನ್ನ ಬಿಟ್ಟಿರಬೇಕು. ಒಂದು ಕರವಸ್ತ್ರ ನಿಮ್ಮ ಕಡೆ ಬರ್ತಾ ಇದೆ, ಇಳಿಸ್ಕೋ."

ಆಚೆ ಕಡೆ ನಿಟ್ಟುಸಿರು. "ಇನ್ನೊಂದು ಬಸ್ಸಿದೆ. ಅದೇ ಕೊನೇದು. ಅಲ್ಲಿಂದ ಯಾರನ್ನಾದ್ರೂ ಕೇಳ್ಕೊಂಡು ನಿಲ್ದಾಣಕ್ಕೆ ಹೋಗು. ಇವಳು ಅಡುಗೆ ಮಾಡಿ ಕಾಯ್ತಾ ಇದ್ದಾಳೆ. ಮತ್ತೆ... ಅದನ್ನ ಬಿಟ್ಯಾ?"

"ಯಾವುದನ್ನ?"

"ಅದೇ, ಕಂಬಳಿ."

ಕುರಿಯಕ್ಕ ಕಂಬಳಿಯನ್ನು ನೋಡಿದಳು. ಪ್ರೇಮಿಗಳು ಅದರ ಅಂಚನ್ನು ಕಾಲಿಗೆ ಸುತ್ತಿಕೊಂಡಿದ್ದರು. "ಜನ ಕೂತಿದ್ದಾರೆ ಅದರ ಮೇಲೆ. ಆಮೇಲೆ ಮಾತಾಡ್ತೀನಿ," ಅಂದು ಫೋನಿಟ್ಟಳು.

೮. ಎಂಡಿಂಗುಗಳು

(ಅ) ಡಾಕ್ಟ್ರು ಬೆವರೊರೆಸಿಕೊಂಡು ಬಂದು ಕೈ ಚಾಚುತ್ತಾರೆ. ಇಬ್ಬರೂ ಕುಣಿಯುತ್ತಾರೆ. ಮೊಣಕಾಲು ಪವಾಡದಂತೆ...

"ಮೊಣಕಾಲಿನ ಸುದ್ದಿಗೆ ಬರಬೇಡ. ಅಲ್ಲದೆ ಆ ಮನುಷ್ಯನ ಹಲ್ಲೇ ಆ ಮನುಷ್ಯನದಲ್ಲ."

"ಒಳ್ಳೆಯವರು, ಅಕ್ಕ."

"ಒಳ್ಳೆಯವರೇ. ಅದಕ್ಕೆ ಕೈ ಹಿಡೀಬೇಕಾ?"

(ಆ) ಕೊನೆಯ ಬಸ್ಸು. ತಮ್ಮನ ಹೆಂಡತಿ ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದಾಳೆ. ಬಿಸಿನೀರು, ಊಟ, ಹೂವಿನ ಪರದೆ. ಕುರಿಯಕ್ಕನ ಚೀಲದಲ್ಲಿ ಕಂಬಳಿಯಿಲ್ಲ. ಮಲಗಿದವಳಿಗೆ ಚಳಿಯಾಗುತ್ತದೆ, ಯಾರಿಗೂ ಹೇಳುವುದಿಲ್ಲ.

ಇದಕ್ಕೆ ಅವಳು ಏನೂ ಅನ್ನಲಿಲ್ಲ. ನನಗೆ ಅದೇ ಭಯವಾಯಿತು. ಮುಂದಿನದನ್ನು ಬೇಗ ಬೇಗ ಬರೆದೆ.

(ಇ) ಅವಳು ಊರಿಗೆ ಮರಳುತ್ತಾಳೆ. ಗುಡ್ಡ. ಹುಲ್ಲು. ಹುಲ್ಲಿನ ಮೇಲೆ ಇಬ್ಬನಿ...

"ಬಂತು ನೋಡು ಹುಲ್ಲು," ಅಂದಳು. "ಕಾಯ್ತಾ ಇದ್ದೆ. ಗುಡ್ಡ ಹತ್ತೋರು ಯಾರು, ನೀನಾ?"

"ಮತ್ತೇನು ಮಾಡಲಿ ಅಕ್ಕ? ಮನೆಗೂ ಬೇಡ, ಗುಡ್ಡಕ್ಕೂ ಬೇಡ. ಸಂಜೆ ಮುಗೀತಾ ಬಂತು, ಜನ ಓದ್ತಾ ಇದ್ದಾರೆ."

"ಬೇಡ ಅಂತ ಎಲ್ಲಿ ಅಂದೆ? ನೀನು ಆಗಿಂದ ಮುಂದೆ ಮುಂದೆ ಓಡಿ ಬಾಗಿಲು ತೆರೀತಾ ಇದ್ದೀಯ. ಕಾಲಿಗೆ ಅಡ್ಡ ಬರ್ತೀಯ, ಅಷ್ಟೆ. ಹಿಂದೆ ಬಾ."

೯

ಬ್ಯಾಂಡಿನವರು ತುತ್ತೂರಿ ಒರೆಸಿ ಪೆಟ್ಟಿಗೆಗೆ ಹಾಕಿದರು. ಹುಡುಗಿ ಕಂಬಳಿ ಮಡಚಿಕೊಟ್ಟಳು. ಕೊಡುವ ಮುನ್ನ ಯಾಕೋ ಇನ್ನೊಮ್ಮೆ ಮೂಸಿದಳು. ಹಿಂಡು ಚೌಕದಿಂದ ಹೊರಟಿತು, ಕುರಿಯಕ್ಕ ಅದರ ಹಿಂದೆ, ನಾನು ಅವಳ ಹಿಂದೆ. (ನೀವೂ ಬನ್ನಿ, ಅಡ್ಡ ಬರಬೇಡಿ.)

ಈಗ ಅವಳಿಗೆ ಹೊಸದೊಂದು ಕಂಡಿತು. ಈ ಹಿಂಡಿಗೆ ಒಂದು ದೊಡ್ಡಿಯಿಲ್ಲ. ಒಬ್ಬ ಎಡಗಡೆಯ ಓಣಿಗೆ ತಿರುಗಿದ, ಇಬ್ಬರು ಮೆಟ್ಟಿಲು ಹತ್ತಿದರು, ಪ್ರೇಮಿಗಳು ಒಂದು ಮೂಲೆಯಲ್ಲಿ ಇಬ್ಭಾಗವಾದರು. ಹೀಗೆ ಚದುರಿದರೆ ಯಾರಿಗಾದರೂ ಎದೆ ಒಡೆಯಬೇಕು. ಅವಳ ಬಾಯಿಂದ ಎರಡು ಸಲ 'ಚ್ಕ ಚ್ಕ' ಬಂತು. ಯಾರೂ ಮರಳಲಿಲ್ಲ. ಎಲ್ಲರೂ ತಂತಮ್ಮ ಬಾಗಿಲನ್ನು ತಾವೇ ಕೀಲಿ ತಿರುಗಿಸಿ ತೆರೆದರು.

ಕೊನೆಗೆ ಡಾಕ್ಟ್ರೊಬ್ಬರೇ ಉಳಿದರು. ರಸ್ತೆ ಮೂರಾಗಿ ಕವಲೊಡೆಯುವಲ್ಲಿ ನಿಂತರು.

"ನನ್ನ ಮನೆ ಇಲ್ಲೇ ಅಮ್ಮಾ. ಆ ಕಡೆ ಹೋದ್ರೆ ಬಸ್ ನಿಲ್ದಾಣ. ಈ ಕಡೆ ಒಂದು ವಸತಿಗೃಹ ಇದೆ, ಹೆಂಗಸರೇ ನಡೆಸ್ತಾರೆ, ಚೊಕ್ಕಟವಾಗಿದೆ. ನೇರ ಹೋದ್ರೆ ಏನಿದೆ ಅಂತ ನಂಗೂ ಗೊತ್ತಿಲ್ಲ, ಯಾವತ್ತೂ ಹೋಗಿಲ್ಲ. ಬಿಟ್ಟು ಬರಲಾ?"

"ಬೇಡ ಡಾಕ್ಟ್ರೇ. ಹಲ್ಲು ತೊಳ್ಕೊಂಡು ಮಲಗಿ."

"ಲೋಟದಲ್ಲಿಟ್ಟು ಮಲಗ್ತೀನಿ," ಅಂದು ಅವರು ಒಳಗೆ ಹೋದರು.

ಕುರಿಯಕ್ಕ ನಿಂತಳು. ಮುಂದೆ ಯಾರೂ ಇರಲಿಲ್ಲ. ಒಂದು ಬೆನ್ನೂ ಇಲ್ಲ, ಒಂದು ಬಾಲವೂ ಇಲ್ಲ, ಬರೀ ರಸ್ತೆ. ಹುಟ್ಟಿದಾಗಿನಿಂದ ಅವಳು ಇಂಥ ಜಾಗದಲ್ಲಿ ನಿಂತಿರಲಿಲ್ಲ.

ಫೋನು ಬಂತು. ಈ ಸಲ ತಮ್ಮನ ಹೆಂಡತಿ.

"ಅಕ್ಕ, ಎಲ್ಲಿದ್ದೀರಿ? ಎದೆ ಹೊಡ್ಕೊಳ್ತಾ ಇದೆ ನಂಗೆ."

"ಹೊಡ್ಕೊಳ್ಳೋದು ಬೇಡಮ್ಮ. ಚೆನ್ನಾಗಿದ್ದೀನಿ. ಎಲ್ಲಿ ಅಂತ ಗೊತ್ತಿಲ್ಲ, ಎಲ್ಲರಿಗಿಂತ ಮುಂದೆ ಇದ್ದೀನಿ. ಒಂದು ಮಾತು ಹೇಳ್ತೀನಿ, ಕೇಳಿಸ್ಕೋ. ನಾನು ಬಂದ್ರೆ ಕಂಬಳಿಯೂ ಬರುತ್ತೆ."

ಆ ಕಡೆಯಿಂದ ಸಣ್ಣ ದನಿ, "ಬಿಸಿಲಿಗೆ ಹಾಕಿದ್ರೆ ವಾಸನೆ ಹೋಗುತ್ತಾ ಅಕ್ಕ?"

"ಹೋಗಲ್ಲ. ಅಭ್ಯಾಸ ಆಗುತ್ತೆ."

"ಊಟ ಮುಚ್ಚಿಟ್ಟಿರ್ತೀನಿ. ಇವತ್ತು ಬರ್ತೀರೋ ನಾಳೆಯೋ?"

"ನೋಡ್ತೀನಿ," ಅಂದಳು ಕುರಿಯಕ್ಕ. ಫೋನನ್ನು ಚೀಲಕ್ಕೆ ಹಾಕಿ, ಕಂಬಳಿ ತೆಗೆದು ಹೆಗಲ ಮೇಲೆ ಹೊದ್ದುಕೊಂಡಳು.

೧೦

ಈಗ ನಾನು ಅವಳು ಯಾವ ರಸ್ತೆ ಹಿಡಿದಳು ಅಂತ ಹೇಳಬೇಕು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆ, ವಸತಿಗೃಹದ ದೀಪ ಇಲ್ಲಿಂದಲೇ ಕಾಣುತ್ತಿದೆ. ನೇರ ರಸ್ತೆಯ ಆ ತುದಿಯಲ್ಲಿ ಯಾರೋ ನಗುತ್ತಿದ್ದಾರೆ. ನಿಮಗೆ ಇದರಲ್ಲಿ ಯಾವುದು ಹಿಡಿಸಿತೋ ಅದಕ್ಕೆ ಒಂದು ಪುಟ ಬರೆದುಕೊಡಲು ನನ್ನಿಂದ ಸಾಧ್ಯವಿದೆ. ಎರಡು ಸಾಲು ಬರೆದೂ ಬಿಟ್ಟಿದ್ದೆ.

ಅವಳು ಹೆಜ್ಜೆ ಎತ್ತಿಟ್ಟಳು. ಆಮೇಲೆ ತಿರುಗಿ ನೋಡಿದಳು, ನನ್ನನ್ನು, ನನ್ನ ಹಿಂದೆ ಕೈಯಲ್ಲಿ ಈ ಹಾಳೆ ಹಿಡಿದು ನಿಂತಿರುವ ನಿಮ್ಮನ್ನು. ಮುಂದೆ ನಡೆಯುವುದು ಅವಳಿಗೆ ಹೊಸದು. ಹಿಂದಿರುವವರನ್ನು ಹೊರಡಿಸುವುದು ಹೇಗೆ ಅಂತ ಒಂದು ಗಳಿಗೆ ಯೋಚಿಸಿದಳು.

"ಚ್ಕ ಚ್ಕ," ಅಂದಳು.

ಬರೆದ ಎರಡು ಸಾಲನ್ನು ನಾನು ಹೊಡೆದುಹಾಕಿದೆ. ನಡೆಯಿರಿ, ನಡೆಯಿರಿ, ಹಿಂದೆ ಜನ ಇದ್ದಾರೆ.