ಏಳನೇ ಚೀಲದ ಬೂದಿ

ಭತ್ತದ ಹೊಟ್ಟಿನ ಬೂದಿಯಿಂದ ಸಿಲಿಕಾನ್ ತೆಗೆದು ಸೋಲಾರ್ ಸೆಲ್ ಮಾಡುತ್ತೇನೆಂದು ನುಜತ್ ಹೊರಟಾಗ ದಾವಣಗೆರೆಯ ಆ ಕಾಲೇಜಿನಲ್ಲಿ ನಗದವರೇ ಇರಲಿಲ್ಲ. ನಕ್ಕವರ ಬಾಯಿ ಮುಚ್ಚಿಸಲು ಮೂರು ವರ್ಷ ಬೇಕಾಯಿತು. ಹರಿಹರದ ಗಿರಣಿಯೊಂದರಿಂದ ತಂದ ಹತ್ತು ಚೀಲಗಳಲ್ಲಿ, ಏಳನೆಯದರ ಬೂದಿಯಿಂದ ಮಾಡಿದ ಸೆಲ್ ಮಾತ್ರ ಬಿಸಿಲಿಗೆ ಹಿಡಿದರೆ ಉಳಿದವುಗಳ ಎರಡರಷ್ಟು ಕರೆಂಟು ಕೊಟ್ಟಿತು. ಅವಳ ಗೈಡ್ ಹಿಗ್ಗಿ ಹೀರೇಕಾಯಿಯಾದರು.

"ಅದ್ರಾಗ ಏನ್ ಬೆರೆತೈತೆ ನೋಡಮ್ಮ, ಪೇಪರ್ ಬರೆಯಾಣ."

ನೋಡಿದಳು. ಬೆರೆತದ್ದು ರಂಜಕ, ಅಂದರೆ ಫಾಸ್ಫರಸ್. ಆಮ್ಲದಲ್ಲಿ ಮೂರು ಸಲ ತೊಳೆದರೂ ಬಿಟ್ಟುಹೋಗಿರಲಿಲ್ಲ. ಚಿಟಿಕೆಯಷ್ಟು ರಂಜಕ ಸೇರಿದರೆ ಸಿಲಿಕಾನಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಅದೇನೂ ಹೊಸದಲ್ಲ. ಆದರೆ ತೊಳೆಯದ ಬೂದಿಯಲ್ಲಿ ಅದರ ಜೊತೆ ಕ್ಯಾಲ್ಸಿಯಂ ಕೂಡ ಇತ್ತು, ಹೊಟ್ಟಿನಲ್ಲಿ ಎಂದೂ ಇರದಷ್ಟು. ಇವೆರಡೂ ಒಟ್ಟಿಗೆ ಇಷ್ಟಿಷ್ಟು ಇರುವುದು ಎಲುಬಿನಲ್ಲಿ ಎಂದು ಹೈಸ್ಕೂಲು ಮಕ್ಕಳಿಗೂ ಗೊತ್ತು.

ನಾಯಿಯೋ ಬೆಕ್ಕೋ ಗಿರಣಿಯ ಹೊಟ್ಟಿನ ಒಲೆಗೆ ಬಿದ್ದಿರಬೇಕು ಎಂದುಕೊಂಡು ಚೀಲದ ತಳದ ಬೂದಿಯನ್ನು ಜರಡಿ ಹಿಡಿದಳು. ಉಳಿದದ್ದು ಒಂದು ದವಡೆ ಹಲ್ಲು. ನಾಯಿಯದಲ್ಲ, ಮನುಷ್ಯರದು. ಚೀಲವನ್ನು ತಿರುಗಿಸಿ ನೋಡಿದಳು. ಚೀಲದ ಮೇಲೆ ಗಿರಣಿಯವರು ಮಸಿಯಲ್ಲಿ ತಾರೀಖು ಬರೆದಿದ್ದರು: ಜೂನ್ ಹನ್ನೆರಡು.

ಆ ತಾರೀಖು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲ್ಯಾಬು ಗುಡಿಸಲು ಭಾನುವಳ್ಳಿಯಿಂದ ಬರುವ ಕೊಟ್ರವ್ವ ಅದನ್ನು ಹೇಳದ ದಿನವಿಲ್ಲ. ಅವಳ ಗಂಡ ಚೌಡೇಶ್ ಅದೇ ಗಿರಣಿಯಲ್ಲಿ ಒಲೆಗೆ ಹೊಟ್ಟು ತುಂಬುತ್ತಿದ್ದ. ಅವತ್ತು ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಜಗಳ ಮಾಡಿಕೊಂಡು ಮಂಗಳೂರಿಗೆ ದುಡಿಯಲು ಹೋದ ಎಂದರು ಗಿರಣಿಯವರು. ಕೊಟ್ರವ್ವ ನಂಬಿದಳು. ನಂಬದೆ ಬದುಕುವುದಾದರೂ ಹೇಗೆ?

ಅಷ್ಟರಲ್ಲಿ ಪೊರಕೆ ಹಿಡಿದು ಅವಳೇ ಬಂದಳು. ನುಜತ್ ಹಲ್ಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಹೇಳಬೇಕು, ಆದರೆ ಹೇಳುವ ಬಾಯಿ ಎಲ್ಲಿಂದ ತರುವುದು?

"ಕೊಟ್ರಕ್ಕ, ಸ್ವಲ್ಪ ಕೂಡ್ರಿ."

"ಕೂಡಾಕೆ ಪುರುಸೊತ್ತಿಲ್ರಿ ಮೇಡಂ. ಆ ಚೀಲದ ಬೂದಿ ಇನ್ನೊಂಚೂರು ಕೊಡ್ರಿ. ಹೋದ ವಾರ ಒಯ್ದಿದ್ದು ತೀರೈತೆ."

"ಬೂದಿ ಯಾಕ್ರಿ?"

"ತಾಟು ತಿಕ್ಕಾಕ್ರಿ. ನಮ್ಮನಿಯವರ ತಾಟು ದಿನಾ ತಿಕ್ಕಿ ಇಡ್ತೀನಿ. ಬಂದ ಕೂಡ್ಲೆ ಉಣ್ಣಾಕೆ ಬೇಕಲ್ರಿ. ಈ ಬೂದಿಗೆ ಏನ್ ಹೊಳಪು ಬರ್ತೈತೆ ಅಂತೀರಿ!"

ನುಜತ್ ಎದ್ದು ಬಾಗಿಲು ಮುಂದೆ ಮಾಡಿದಳು. ಕೊಟ್ರವ್ವನ ಕೈಯಿಂದ ಪೊರಕೆ ಇಸಿದುಕೊಂಡು ಕೆಳಗಿಟ್ಟಳು. ಆಮೇಲೆ ಮುಷ್ಟಿ ಬಿಚ್ಚಿದಳು.